ಹಾಡಿನ ಪೆಟ್ಟಿಗೆ: ಏನುಂಟು? ಏನಿಲ್ಲ?

ನಮ್ಮ ಕಲಿಕಾ ಕೇಂದ್ರದಲ್ಲಿ 18 ಜನ ಅಕ್ಕತಂಗಿಯರು ಓದುತ್ತಾರೆ. ಸಂಜೆ 7 ಗಂಟೆಗೆ ಸೇರುತ್ತೇವೆ. ಶಾಲೆಯ ಜಗಲಿಯೇ ನಮ್ಮ ತರಗತಿ.

ನಮ್ಮ ಜೊತೆ ಒಬ್ಬ ಅಜ್ಜಿ ಇದ್ದಾರೆ. ವಯಸ್ಸು 76. ಸೋಬಾನೆ ಪದ ಅಂದರೆ ಸುತ್ತ ನಾಲ್ಕು ಊರಿಗೂ ಅವರೇ. ಅರಿಶಿನ ಕುಟ್ಟುವ ಪದ, ಚಪ್ಪರದ ಪದ, ಹೆಣ್ಣು ಒಪ್ಪಿಸುವ ಪದ, ಎಲ್ಲ ಅವರ ಬಾಯಲ್ಲಿವೆ. ಯಾವ ಪುಸ್ತಕದಲ್ಲೂ ಬರೆದಿಟ್ಟಿಲ್ಲ.

ಕಳೆದ ಚಳಿಗಾಲದಲ್ಲಿ ಅಜ್ಜಿಗೆ ಉಬ್ಬಸ ಹೆಚ್ಚಾಯಿತು. ಗಂಟಲು ಕಟ್ಟಿತು.

"ಮೊಮ್ಮಗಳ ಮದುವೇಲಿ ನಾನು ಹಾಡ್ತೀನೋ ಇಲ್ವೋ ಕಣ್ರವ್ವಾ" ಎಂದರು.

ಯಾರಿಗೂ ಮಾತು ಬರಲಿಲ್ಲ. ಸಂಘದ ಲೆಕ್ಕ ಬರೆಯುವ ಅಕ್ಕ ಕೊನೆಗೆ ಹೇಳಿದರು: "ಒಂದು ಹಾಡಿನ ಪೆಟ್ಟಿಗೆ ತರೋಣ. ಅಜ್ಜಿ ಪದ ಹಿಡಿದಿಡೋಣ."

ಒಬ್ಬೊಬ್ಬರು 100 ರೂಪಾಯಿ ಹಾಕಿದೆವು. 1,800 ರೂಪಾಯಿ ಆಯಿತು. ಪೇಟೆಗೆ ಹೋದೆವು. ಅಂಗಡಿಯವರು ಅಂಗೈ ಎರಡರಷ್ಟು ದೊಡ್ಡ ಪೆಟ್ಟಿಗೆ ತೋರಿಸಿದರು. "ಇದರಲ್ಲಿ ಎಲ್ಲಾ ಬರುತ್ತೆ ಕಣಮ್ಮ" ಎಂದರು. ನಾವು ತಲೆಯಾಡಿಸಿದೆವು. ದುಡ್ಡು ಕೊಟ್ಟೆವು, ಬಿಲ್ಲು ತೆಗೆದುಕೊಂಡೆವು, ಬಸ್ಸು ಹತ್ತಿದೆವು.

ಅಂದು ಸಂಜೆ ಅಜ್ಜಿ ತಲೆ ಬಾಚಿ, ಹೂ ಮುಡಿದು ಬಂದರು. ಪೆಟ್ಟಿಗೆಯ ಮುಂದೆ ಕೂತರು. ನಾವು ಗುಂಡಿ ಹುಡುಕಿದೆವು. ಹಳೇ ಟೇಪ್ ರೆಕಾರ್ಡರಿನಲ್ಲಿ ಕೆಂಪು ಗುಂಡಿ ಇರುತ್ತಿತ್ತಲ್ಲ, ಅದು. ಮುಂದೆ ನೋಡಿದೆವು. ಹಿಂದೆ ನೋಡಿದೆವು. ಇರಲಿಲ್ಲ.

"ಕೆಟ್ಟೋಗಿದ್ಯಾ ಟೀಚರಮ್ಮ?"

"ಕೆಟ್ಟಿಲ್ಲ. ಹಾಡು ಹಿಡಿಯುವ ಕೆಲಸ ಇದಕ್ಕೆ ಗೊತ್ತೇ ಇಲ್ಲ."

ಮಾರನೆಯ ದಿನ ಪೆಟ್ಟಿಗೆ ಹೊತ್ತು ಮತ್ತೆ ಪೇಟೆಗೆ ಹೋದೆವು. "ಕೆಟ್ಟಿದ್ರೆ ಬದಲಾಯಿಸಿ ಕೊಡ್ತೀನಿ. ಇದು ಕೆಟ್ಟಿಲ್ವಲ್ಲ" ಎಂದರು ಅಂಗಡಿಯವರು. ತಪ್ಪು ನಮ್ಮದೂ ಹೌದು. ನಾವು ಟೀಚರು. ಓದು ಬಲ್ಲವರು. ಆದರೂ ಡಬ್ಬಿಯ ಮೇಲಿನ ಬರಹ ಓದಲಿಲ್ಲ. "ಇದರಲ್ಲಿ ಏನಿಲ್ಲ?" ಎಂದು ಕೇಳಲಿಲ್ಲ.

ಅಂದಿನಿಂದ ಒಂದು ವಾರ ಆ ಪೆಟ್ಟಿಗೆಯೇ ನಮ್ಮ ಪಾಠವಾಯಿತು.

ಪೆಟ್ಟಿಗೆಯ ತೂತುಗಳು

ಪೆಟ್ಟಿಗೆಯ ಹಿಂದೆ ನಾಲ್ಕು ತೂತುಗಳಿದ್ದವು. ಒಂದೊಂದಕ್ಕೂ ಒಂದೊಂದು ಕೆಲಸ.

1. ಚಾರ್ಜ್ ತೂತು. ಇದು ಕರೆಂಟು ತುಂಬುವ ಜಾಗ. ಇದರಲ್ಲಿ ಎರಡು ಬಗೆ ಹೆಚ್ಚು ಕಾಣುತ್ತೇವೆ. ಹಳೆಯದು ಮೈಕ್ರೋ ಯು.ಎಸ್.ಬಿ. ಅದರ ಒಂದು ಬದಿ ಅಗಲ, ಇನ್ನೊಂದು ಬದಿ ಕಿರಿದು. ಒಂದೇ ಕಡೆಯಿಂದ ಹೋಗುತ್ತದೆ. ತಿರುಗಿಸಿ ಒತ್ತಿದರೆ ಒಳಗಿನ ನಾಲಿಗೆ ಮುರಿಯುತ್ತದೆ. ಹೊಸದು ಟೈಪ್ ಸಿ. ಇದು 2014ರಲ್ಲಿ ಬಂದ ಬಗೆ. ಹುಣಸೆ ಬೀಜದ ಹಾಗೆ ಎರಡು ಬದಿಯೂ ಒಂದೇ. ಹೇಗೆ ಹಾಕಿದರೂ ಸರಿ. ಮನೆಯ ಮೊಬೈಲಿನ ವೈರೇ ಪೆಟ್ಟಿಗೆಗೂ ಆಗುತ್ತದೆಯೇ ಎಂದು ಮೊದಲೇ ನೋಡಬೇಕು.

2. ಪೆನ್ ಡ್ರೈವ್ ಕಿಂಡಿ. ಇದು ಚೌಕಟ್ಟಾದ ಅಗಲ ಕಿಂಡಿ. ಪೆನ್ ಡ್ರೈವ್ ಅಂದರೆ ಬೆರಳುದ್ದದ ಹಾಡಿನ ಚೀಲ. ಕಂಪ್ಯೂಟರಿನಲ್ಲಿ ಹಾಡು ತುಂಬಿಸಿ ಇಲ್ಲಿ ಸಿಕ್ಕಿಸಬೇಕು.

3. ಕಾರ್ಡ್ ಕಿಂಡಿ. ಇದು ತೆಳ್ಳಗಿನ ಸೀಳು. ಉಗುರಿನಷ್ಟು ಚಿಕ್ಕ ಮೆಮೊರಿ ಕಾರ್ಡು ಇಲ್ಲಿ ಕೂರುತ್ತದೆ. ಇದರ ಪಕ್ಕ ಟಿ.ಎಫ್. ಎಂದು ಬರೆದಿರುತ್ತಾರೆ. ಪೆಟ್ಟಿಗೆ ಆರಿಸಿ ಕಾರ್ಡು ತೆಗೆಯಬೇಕು. ಹಾಡುವಾಗಲೇ ಎಳೆದರೆ ಒಳಗಿನ ಹಾಡು ಹಾಳಾಗಬಹುದು.

4. ದುಂಡು ತೂತು. ಇದಕ್ಕೆ ಆಕ್ಸ್ ಎನ್ನುತ್ತಾರೆ. ಅಗಲ ಮೂರೂವರೆ ಮಿಲಿಮೀಟರ್. ಎರಡೂ ತುದಿಯಲ್ಲಿ ಮೊಳೆಯಂಥ ಪಿನ್ನು ಇರುವ ವೈರು ಬೇಕು. ಒಂದು ತುದಿ ಮೊಬೈಲಿಗೆ, ಇನ್ನೊಂದು ತುದಿ ಪೆಟ್ಟಿಗೆಗೆ. ಮೊಬೈಲಿನ ಹಾಡು ಪೆಟ್ಟಿಗೆಯಲ್ಲಿ ಕೇಳುತ್ತದೆ.

ಈ ದುಂಡು ಪಿನ್ನಿಗೆ ದೊಡ್ಡ ಕತೆ ಇದೆ. ನೂರು ವರ್ಷಕ್ಕೂ ಹಿಂದೆ ಟೆಲಿಫೋನ್ ಕಚೇರಿಗಳಲ್ಲಿ ಹೆಂಗಸರು ಕೆಲಸ ಮಾಡುತ್ತಿದ್ದರು. ಎದುರಿಗೆ ನೂರಾರು ತೂತಿನ ಹಲಗೆ. ಪಿನ್ನು ತೆಗೆದು ತೂತಿಗೆ ಸಿಕ್ಕಿಸಿ ಒಬ್ಬರ ಮಾತು ಇನ್ನೊಬ್ಬರಿಗೆ ಕೂಡಿಸುತ್ತಿದ್ದರು. ಆ ಪಿನ್ನೇ ಚಿಕ್ಕದಾಗಿ ಈ ಪಿನ್ನಾಗಿದೆ. ಇದನ್ನು ಕೇಳಿ ನಮ್ಮ ಅಕ್ಕಂದಿರಿಗೆ ಧೈರ್ಯ ಬಂತು. "ಅವರು ಅಷ್ಟು ತೂತು ನೋಡ್ಕೊಂಡ್ರು. ನಮಗೆ ಇರೋದು ನಾಲ್ಕು" ಎಂದರು ಒಬ್ಬರು.

ತೂತಿಲ್ಲದ ದಾರಿ

ವೈರಿಲ್ಲದೆ ಕೂಡಿಸುವ ದಾರಿಯೂ ಇದೆ. ಅದರ ಹೆಸರು ಬ್ಲೂಟೂತ್. ಮೊಬೈಲು ಮತ್ತು ಪೆಟ್ಟಿಗೆ ಗಾಳಿಯಲ್ಲೇ ಮಾತಾಡಿಕೊಳ್ಳುತ್ತವೆ. ಹತ್ತಿರವಿರಬೇಕು. ಸಾಮಾನ್ಯವಾಗಿ 10 ಮೀಟರ್ ಒಳಗೆ. ನಡುವೆ ಗೋಡೆ ಬಂದರೆ ಇನ್ನೂ ಕಡಿಮೆ. ಚಿಕ್ಕ ಪೆಟ್ಟಿಗೆಗಳು ಹೆಚ್ಚಾಗಿ ಒಂದು ಸಲಕ್ಕೆ ಒಂದೇ ಮೊಬೈಲಿನ ಕೈ ಹಿಡಿಯುತ್ತವೆ. ಪಕ್ಕದ ಮನೆಯ ಮೊಬೈಲು ಹಿಡಿದುಕೊಂಡಿದ್ದರೆ ನಿಮ್ಮದು ಸೇರುವುದಿಲ್ಲ. ಆಗ ಪೆಟ್ಟಿಗೆ ಕೆಟ್ಟಿತು ಎಂದು ಬಡಿಯಬಾರದು. ಅವರ ಮೊಬೈಲಿನಲ್ಲಿ ಬ್ಲೂಟೂತ್ ಆರಿಸಲು ಹೇಳಬೇಕು.

ಕೆಲವು ಪೆಟ್ಟಿಗೆಯಲ್ಲಿ ರೇಡಿಯೋ ಇರುತ್ತದೆ. ಅದು ಸಾಮಾನ್ಯವಾಗಿ ಎಫ್.ಎಂ. ಮಾತ್ರ. ಮೀಡಿಯಂ ವೇವ್ ಬೇಕಿದ್ದರೆ ಕೇಳಿ ತೆಗೆದುಕೊಳ್ಳಬೇಕು. ಚಿಕ್ಕ ಪ್ಲೇಯರು, ಮೊಬೈಲುಗಳಲ್ಲಿ ಕಿವಿಗೆ ಹಾಕುವ ವೈರೇ ರೇಡಿಯೋದ ಕಂಬಿ. ವೈರು ತೆಗೆದರೆ ರೇಡಿಯೋ ಕರಕರ ಎನ್ನುತ್ತದೆ.

ಇಲ್ಲದ್ದೂ ಒಂದು ಗುಣ

ಯಾವ ಪ್ಲೇಯರಿನಲ್ಲೂ ಎಲ್ಲವೂ ಇರುವುದಿಲ್ಲ. ಇದು ಮೊದಲಿನಿಂದಲೂ ಹೀಗೆ.

1979ರಲ್ಲಿ ಜಪಾನಿನ ಸೋನಿ ಕಂಪನಿ ವಾಕ್‌ಮನ್ ಮಾಡಿತು. ಅದು ಸೊಂಟಕ್ಕೆ ಸಿಕ್ಕಿಸಿಕೊಳ್ಳುವ ಕ್ಯಾಸೆಟ್ ಪ್ಲೇಯರು. ಪತ್ರಕರ್ತರು ಬಳಸುವ ಚಿಕ್ಕ ಟೇಪ್ ರೆಕಾರ್ಡರನ್ನೇ ಬದಲಿಸಿ ಅದನ್ನು ಮಾಡಿದ್ದರು. ರೆಕಾರ್ಡ್ ಮಾಡುವ ಕೆಲಸ ತೆಗೆದುಹಾಕಿದರು. ಸ್ಪೀಕರೂ ಇರಲಿಲ್ಲ. ಆದರೆ ಕಿವಿಯ ವೈರಿಗೆ ಎರಡು ತೂತು ಇಟ್ಟಿದ್ದರು. ಇಬ್ಬರು ಒಟ್ಟಿಗೆ ಕೇಳಲಿ ಎಂದು.

2001ರಲ್ಲಿ ಅಮೆರಿಕದ ಆಪಲ್ ಕಂಪನಿ ಐಪಾಡ್ ತಂದಿತು. ಅಂಗೈಯಗಲದ ಪೆಟ್ಟಿಗೆಯಲ್ಲಿ 1,000 ಹಾಡು ಎಂದು ಸಾರಿತು. ಆದರೆ ಅದರಲ್ಲಿ ರೇಡಿಯೋ ಇರಲಿಲ್ಲ. ಮೊದಲಿಗೆ ಆ ಕಂಪನಿಯದೇ ಕಂಪ್ಯೂಟರಿಗೆ ಮಾತ್ರ ಕೂಡುತ್ತಿತ್ತು. 2022ರಲ್ಲಿ ಐಪಾಡ್ ಮಾಡುವುದನ್ನೇ ನಿಲ್ಲಿಸಿದರು. ಅದೇ ಕಂಪನಿ 2016ರಲ್ಲಿ ತನ್ನ ಹೊಸ ಫೋನಿನಿಂದ ದುಂಡು ತೂತನ್ನು ತೆಗೆಯಿತು. ಮುಂದೆ ಬೇರೆ ಎಷ್ಟೋ ಫೋನುಗಳಲ್ಲೂ ಅದು ಹೋಯಿತು.

ಹಾಗಾಗಿ "ಕೆಟ್ಟಿದೆ" ಬೇರೆ, "ಇಲ್ಲ" ಬೇರೆ. ಕೆಟ್ಟದ್ದನ್ನು ರಿಪೇರಿ ಮಾಡಬಹುದು. ಇಲ್ಲದ್ದನ್ನು ಕೊಳ್ಳುವ ಮೊದಲೇ ಕೇಳಿ ತಿಳಿಯಬೇಕು.

ಅಜ್ಜಿಯ ಪದ

ಪೆಟ್ಟಿಗೆ ಹಾಡು ಹಿಡಿಯದಿದ್ದರೆ ಏನಾಯಿತು? ಮೊಬೈಲು ಹಿಡಿಯುತ್ತದಲ್ಲ! ನಮ್ಮ ಕೇಂದ್ರದ ಸೊಸೆಯೊಬ್ಬಳು ತನ್ನ ಮೊಬೈಲು ಅಜ್ಜಿಯ ಮುಂದಿಟ್ಟಳು. ಅಜ್ಜಿ ಮೂರು ಸಂಜೆ ಹಾಡಿದರು. ನಡುನಡುವೆ ಕೆಮ್ಮಿದರು, ಬಿಸಿನೀರು ಕುಡಿದರು. ಒಟ್ಟು 14 ಪದಗಳು ಸಿಕ್ಕವು.

ಆ ಪದಗಳನ್ನು ಕಾರ್ಡಿಗೆ ಹಾಕಿ ಪೆಟ್ಟಿಗೆಗೆ ಸಿಕ್ಕಿಸಿದೆವು. ಪೆಟ್ಟಿಗೆ ಮೂಕವಾಗಿ ಕೂತಿತು! ಅದೇ ಕಾರ್ಡಿನಲ್ಲಿದ್ದ ಸಿನಿಮಾ ಹಾಡು ಮಾತ್ರ ಚೆನ್ನಾಗಿ ಹಾಡಿತು.

ಕಾರಣ ಇಷ್ಟು. ಹಾಡನ್ನು ಕೂಡಿಡುವುದಕ್ಕೆ ಹಲವು ಬಗೆಯ ಕಟ್ಟುಗಳಿವೆ. ನಮ್ಮ ಪೆಟ್ಟಿಗೆಗೆ ಬಿಚ್ಚಲು ಬರುವ ಕಟ್ಟು ಎಂ.ಪಿ.3. ಆ ಮೊಬೈಲು ಕಟ್ಟಿದ್ದು ಎಂ.4.ಎ. ಎಂಬ ಬೇರೆ ಕಟ್ಟು. ಪದ ಒಳಗಿದೆ, ಆದರೆ ಪೆಟ್ಟಿಗೆಗೆ ಗಂಟು ಬಿಚ್ಚಲು ಬಾರದು.

ಆಕ್ಸ್ ವೈರು ಹಾಕೋಣ ಎಂದರೆ ಸೊಸೆಯ ಮೊಬೈಲಿನಲ್ಲಿ ದುಂಡು ತೂತೇ ಇಲ್ಲ. ಉಳಿದದ್ದು ಬ್ಲೂಟೂತ್. ಕೂಡಿಸಿದೆವು. ಬ್ಲೂಟೂತಿನಲ್ಲಿ ಕಟ್ಟು ಬಿಚ್ಚುವುದು ಮೊಬೈಲಿನ ಕೆಲಸ. ಪೆಟ್ಟಿಗೆ ದನಿ ಎತ್ತಿದರೆ ಸಾಕು.

ಜಗಲಿಯಲ್ಲಿ ಅಜ್ಜಿಯ ದನಿ ಕೇಳಿತು. ಅಜ್ಜಿ ಕಣ್ಣರಳಿಸಿದರು. "ಅಯ್ಯೋ, ನಾನೇ ಕಣ್ರೇ!" ಎಂದರು. ಆಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡರು.

ಮದುವೆಯ ದಿನ ಚಪ್ಪರದಲ್ಲಿ ಪೆಟ್ಟಿಗೆ ಇಟ್ಟೆವು. ಪದ ಶುರುವಾಯಿತು. ನಡುವೆ ಸೊಸೆಗೆ ಫೋನು ಬಂತು. ಪದ ನಿಂತಿತು! ಬ್ಲೂಟೂತಿನ ಕಷ್ಟ ಇದು. ಎಲ್ಲರೂ ಮುಖ ಮುಖ ನೋಡಿದೆವು. ಆಗ ಅಜ್ಜಿ ಕೂತಲ್ಲೇ ಸಣ್ಣ ದನಿಯಲ್ಲಿ ಎತ್ತಿಕೊಂಡರು. ನಾವು ಸೊಲ್ಲು ಸೇರಿಸಿದೆವು. ಹದಿನಾಲ್ಕು ಸಲ ಕೇಳಿದ್ದ ಪದವಲ್ಲವೇ? ಎಲ್ಲರಿಗೂ ಬಾಯಿಗೆ ಬಂದಿತ್ತು.

ಮದುವೆಯಾದ ಮೇಲೆ ಪೇಟೆಯ ಮೊಬೈಲ್ ಅಂಗಡಿಯಲ್ಲಿ 14 ಪದಗಳನ್ನೂ ಎಂ.ಪಿ.3 ಮಾಡಿಸಿದೆವು. ಕಾರ್ಡಿಗೆ ಒಂದು ಪ್ರತಿ, ಪೆನ್ ಡ್ರೈವಿಗೆ ಒಂದು ಪ್ರತಿ. ಒಂದು ಹೋದರೆ ಇನ್ನೊಂದು ಇರಲಿ ಎಂದು. ಈಗ ಫೋನು ಬಂದರೂ ಪದ ನಿಲ್ಲುವುದಿಲ್ಲ.

ಇನ್ನೊಂದು ಕೆಲಸವನ್ನೂ ಮಾಡಿದೆವು. ಪೆಟ್ಟಿಗೆಯ ಮೇಲೆ ಎಲ್ಲ ಇಂಗ್ಲಿಷಿನಲ್ಲಿತ್ತು. ನಮ್ಮ ಅಕ್ಕಂದಿರು ಬಿಳಿ ಕಾಗದ ಕತ್ತರಿಸಿದರು. "ಚಾರ್ಜ್", "ಕಾರ್ಡು", "ವೈರು" ಎಂದು ಕನ್ನಡದಲ್ಲಿ ಬರೆದು ಪ್ರತಿ ತೂತಿನ ಪಕ್ಕ ಅಂಟಿಸಿದರು. "ಕಾರ್ಡು" ಎಂಬ ಚೀಟಿ ಬರೆದವರು ಅಜ್ಜಿ. ಈಗ ಅವರು ಪೆಟ್ಟಿಗೆ ನಿಲ್ಲಿಸಿ ನಿಲ್ಲಿಸಿ ತಮ್ಮ ಪದವನ್ನು ತಾವೇ ಪುಸ್ತಕದಲ್ಲಿ ಬರೆಯುತ್ತಿದ್ದಾರೆ. ಎರಡು ಪದ ಮುಗಿದಿವೆ. ಇನ್ನು 12 ಇವೆ.

ಕೊಳ್ಳುವ ಮೊದಲು ಕೇಳಿ

1. ನಮಗೆ ಬೇಕಾದ ಕೆಲಸ ಯಾವುದು? ಹಾಡು ಕೇಳುವುದೋ? ಹಾಡು ಹಿಡಿಯುವುದೋ? ರೇಡಿಯೋ ಕೇಳುವುದೋ?
2. ಕಾರ್ಡು, ಪೆನ್ ಡ್ರೈವ್, ಆಕ್ಸ್, ಬ್ಲೂಟೂತ್, ಇವುಗಳಲ್ಲಿ ಯಾವುದಿದೆ? ಯಾವುದಿಲ್ಲ?
3. ನಮ್ಮ ಮೊಬೈಲಿನಲ್ಲಿ ದುಂಡು ತೂತು ಇದೆಯೇ?
4. ಎಷ್ಟು ಜಿ.ಬಿ. ಕಾರ್ಡಿನವರೆಗೆ ಓದುತ್ತದೆ? ಯಾವ ಬಗೆಯ ಹಾಡು ಓದುತ್ತದೆ?
5. ಆರಿಸಿ ಮತ್ತೆ ಹಾಕಿದರೆ ಹಾಡು ನಿಂತಲ್ಲಿಂದ ಬರುತ್ತದೆಯೇ? ಮೊದಲಿನಿಂದ ಬರುತ್ತದೆಯೇ?
6. ಒಮ್ಮೆ ಚಾರ್ಜ್ ಮಾಡಿದರೆ ಎಷ್ಟು ಗಂಟೆ ಹಾಡುತ್ತದೆ? ಬ್ಯಾಟರಿ ಸೋತರೆ ಬದಲಿಸಬಹುದೇ?
7. ಅಂಗಡಿಯಲ್ಲೇ ಹಾಕಿ ತೋರಿಸುತ್ತಾರೆಯೇ? ನಮ್ಮ ಮೊಬೈಲು, ನಮ್ಮ ಕಾರ್ಡು ಕೊಟ್ಟು ನೋಡಬೇಕು.
8. ಬಿಲ್ಲು ಕೊಡುತ್ತಾರೆಯೇ? ವಾರಂಟಿ ಕಾರ್ಡಿಗೆ ಸೀಲು, ತಾರೀಖು ಹಾಕಿದ್ದಾರೆಯೇ?

ಡಬ್ಬಿಯ ಮೇಲೆ "ಇದೆ" ಎಂದು ಬರೆದದ್ದು ಒಳಗೆ ಇಲ್ಲದಿದ್ದರೆ ಸುಮ್ಮನಿರಬೇಡಿ. ಬಿಲ್ಲು ಹಿಡಿದು ಕೇಳಿ. ಗ್ರಾಹಕರ ಹಕ್ಕಿಗೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಇದೆ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನು ಮಾಡಬಹುದು.

ಅಭ್ಯಾಸ

ಓದಿ, ಬರೆಯಿರಿ:
ಪೆಟ್ಟಿಗೆ, ತೂತು, ಕಿಂಡಿ, ಕಾರ್ಡು, ವೈರು, ಚಪ್ಪರ, ಸೋಬಾನೆ, ಬಿಲ್ಲು

ಉತ್ತರ ಹೇಳಿ:
1. ಪೆಟ್ಟಿಗೆ ಅಜ್ಜಿಯ ಪದವನ್ನು ಏಕೆ ಹಿಡಿಯಲಿಲ್ಲ?
2. ಕಾರ್ಡಿನಲ್ಲಿ ಪದವಿದ್ದರೂ ಪೆಟ್ಟಿಗೆ ಏಕೆ ಹಾಡಲಿಲ್ಲ?
3. ಮದುವೆಯಲ್ಲಿ ಪದ ಏಕೆ ನಿಂತಿತು? ಆಗ ಏನು ಮಾಡಿದರು?

ಲೆಕ್ಕ ಮಾಡಿ:
ಒಂದು ಹಾಡಿಗೆ ಸುಮಾರು 4 ಎಂ.ಬಿ. ಜಾಗ ಬೇಕು. 1 ಜಿ.ಬಿ. ಅಂದರೆ ಸುಮಾರು 1,000 ಎಂ.ಬಿ. ಹಾಗಾದರೆ 1 ಜಿ.ಬಿ.ಯಲ್ಲಿ ಎಷ್ಟು ಹಾಡು ಹಿಡಿಯುತ್ತವೆ? 8 ಜಿ.ಬಿ. ಕಾರ್ಡಿನಲ್ಲಿ ಎಷ್ಟು?

ಕೂತು ಮಾತಾಡಿ:
ನಿಮ್ಮ ಊರಿನಲ್ಲಿ ಪದ, ಕತೆ, ಒಗಟು ಬಲ್ಲ ಹಿರಿಯರು ಯಾರಿದ್ದಾರೆ? ಅವರ ಪದವನ್ನು ಹಿಡಿದಿಡಲು ನಿಮ್ಮಲ್ಲಿ ಏನುಂಟು? ಏನಿಲ್ಲ? ಈ ವಾರವೇ ಒಂದು ಪದ ಹಿಡಿಯಿರಿ. ಕೇಳಿ ಕೇಳಿ ಬರೆಯಿರಿ. ಮುಂದಿನ ತರಗತಿಯಲ್ಲಿ ಓದಿ ಹೇಳಿ.