ಗೋಬರ್ ಗ್ಯಾಸ್ ಇರುವಲ್ಲಿ ಕರೆಂಟು: ಕಿಡಿ ಹೊರಬಿಡದ ಉಪಕರಣ ಮತ್ತು ಅದರ ಪ್ರಮಾಣಪತ್ರ



ನಾಲ್ಕೈದು ರಾಸು ಕಟ್ಟಿದ ಮನೆಯಲ್ಲಿ ಹಾಲಿನ ಜೊತೆಗೆ ದಿನಕ್ಕೆ ಸುಮಾರು 50 ಕಿಲೋ ಸಗಣಿಯೂ ಸಿಗುತ್ತದೆ. ಅಷ್ಟು ಸಗಣಿಯಿಂದ 2 ಘನ ಮೀಟರಿನ ಗೋಬರ್ ಗ್ಯಾಸ್ ಸ್ಥಾವರ ನಡೆಸಬಹುದು. ಸೌದೆಯ ಖರ್ಚು ಉಳಿಯುತ್ತದೆ, ಅಡಿಗೆಮನೆಯ ಹೊಗೆ ತಪ್ಪುತ್ತದೆ, ಬಗ್ಗಡ ಹೊಲಕ್ಕೆ ಒಳ್ಳೆಯ ಗೊಬ್ಬರವಾಗುತ್ತದೆ. ಈ ಲಾಭಗಳು ನಿಮಗೆ ಗೊತ್ತಿರುವಂಥವೇ.

ಆದರೆ ಈಗ ಗ್ಯಾಸ್ ಇರುವ ಮನೆಯಲ್ಲೇ ಮಿಕ್ಸಿ, ಫ್ರಿಜ್, ಇನ್ವರ್ಟರ್ ಕೂಡ ಇವೆ. ಕೆಲವರು ಸ್ಥಾವರದ ಪಕ್ಕದಲ್ಲೇ ಬಗ್ಗಡ ಎತ್ತುವ ಮೋಟಾರು ಇಟ್ಟಿದ್ದಾರೆ. ಗ್ಯಾಸಿನಿಂದ ಜನರೇಟರ್ ನಡೆಸುವ ಯೋಚನೆಯೂ ಹಲವರಿಗಿದೆ. ಹೀಗೆ ಗ್ಯಾಸು ಮತ್ತು ಕರೆಂಟು ಒಂದೇ ಸೂರಿನಡಿ ಬಂದಾಗ ಏನು ಮಾಡಬೇಕು, ಏನು ಮಾಡಕೂಡದು, ಅಂಗಡಿಯಲ್ಲಿ 'ಫ್ಲೇಮ್‌ಪ್ರೂಫ್' ಎಂದು ಕೊಡುವ ದೀಪ, ಸ್ವಿಚ್ಚುಗಳನ್ನು ಎಷ್ಟರಮಟ್ಟಿಗೆ ನಂಬಬಹುದು ಎಂಬುದೇ ಈ ಪಾಠದ ವಿಷಯ.

ಗ್ಯಾಸ್ ಯಾವಾಗ ಸಿಡಿಯುತ್ತದೆ?

ಗೋಬರ್ ಗ್ಯಾಸಿನಲ್ಲಿ ಉರಿಯುವ ಅಂಶ ಮೀಥೇನ್. ನೂರಕ್ಕೆ 55ರಿಂದ 65 ಪಾಲು ಇದೇ ಇರುತ್ತದೆ. ಉಳಿದದ್ದು ಹೆಚ್ಚಾಗಿ ಇಂಗಾಲದ ಡೈಆಕ್ಸೈಡ್. ಕೊಳೆತ ಮೊಟ್ಟೆಯ ವಾಸನೆ ಕೊಡುವ ಹೈಡ್ರೋಜನ್ ಸಲ್ಫೈಡ್ ಸ್ವಲ್ಪ ಇರುತ್ತದೆ.

ಡ್ರಮ್ಮಿನೊಳಗೆ ಬರೀ ಗ್ಯಾಸ್ ತುಂಬಿರುವಾಗ ಅದು ಸಿಡಿಯದು, ಏಕೆಂದರೆ ಉರಿಯಲು ಬೇಕಾದ ಗಾಳಿ ಅಲ್ಲಿಲ್ಲ. ಬಯಲಿನಲ್ಲಿ ಚದುರಿಹೋದ ಗ್ಯಾಸೂ ಸಿಡಿಯದು. ಅಪಾಯವಿರುವುದು ಇವೆರಡರ ನಡುವೆ. ಗಾಳಿಯಲ್ಲಿ ಮೀಥೇನ್ ನೂರಕ್ಕೆ 5ರಿಂದ 15 ಪಾಲು ಬೆರೆತಾಗ ಒಂದು ಕಿಡಿ ಬಿದ್ದರೂ ಸ್ಫೋಟವಾಗುತ್ತದೆ. ಗೋಬರ್ ಗ್ಯಾಸಿನ ಲೆಕ್ಕದಲ್ಲಿ ಹೇಳುವುದಾದರೆ, ನೂರಕ್ಕೆ ಸುಮಾರು 8 ಪಾಲು ಬೆರೆತರೆ ಅಪಾಯದ ಗೆರೆ ಮುಟ್ಟಿದಂತೆ.

ಇದನ್ನು ನಿಮ್ಮ ಮನೆಗೆ ಹೊಂದಿಸಿ ನೋಡಿ. ಆರು ಅಡಿ ಉದ್ದ, ಐದು ಅಡಿ ಅಗಲ, ಏಳು ಅಡಿ ಎತ್ತರದ ಸಣ್ಣ ಅಡಿಗೆಮನೆಯಲ್ಲಿ ಸುಮಾರು 6 ಘನ ಮೀಟರ್ ಗಾಳಿ ಹಿಡಿಸುತ್ತದೆ. ಅಲ್ಲಿ ಅರ್ಧ ಘನ ಮೀಟರ್ ಗ್ಯಾಸ್ ಸೇರಿದರೆ ಸಾಕು. ಒಂದು ಒಲೆಯ ಕಿವಿ ತಿರುಗಿಸಿ, ಹೊತ್ತಿಸದೆ ಮರೆತರೆ ಹೆಚ್ಚುಕಡಿಮೆ ಒಂದು ಗಂಟೆಯಲ್ಲಿ ಅಷ್ಟು ಗ್ಯಾಸ್ ಹೊರಬರುತ್ತದೆ. ಮೀಥೇನ್ ಗಾಳಿಗಿಂತ ಹಗುರ. ಸೋರುವ ಜಾಗದ ಸುತ್ತ ಮತ್ತು ಸೂರಿನಡಿ ಗ್ಯಾಸ್ ಒಟ್ಟುಗೂಡಿದರೆ ಗಂಟೆಯೂ ಬೇಕಾಗದು.

ಹೊತ್ತಿಕೊಳ್ಳಲು ಬೇಕಾದ ಶಕ್ತಿಯಾದರೂ ಎಷ್ಟು? 0.28 ಮಿಲಿಜೂಲ್. ಒಂದು ಹುಣಸೆಬೀಜವನ್ನು ಅಂಗುಲದಷ್ಟು ಮೇಲೆತ್ತಲು ಸುಮಾರು ಇಷ್ಟೇ ಶಕ್ತಿ ಬೇಕು. ಸ್ವಿಚ್ ಹಾಕುವಾಗ, ಅದಕ್ಕಿಂತ ಹೆಚ್ಚಾಗಿ ಆರಿಸುವಾಗ, ಒಳಗಿನ ತಗಡುಗಳ ನಡುವೆ ಏಳುವ ಕಿಡಿಯಲ್ಲಿ ಇದಕ್ಕಿಂತ ಎಷ್ಟೋ ಹೆಚ್ಚು ಶಕ್ತಿ ಇರುತ್ತದೆ. ಮಿಕ್ಸಿಯ ಮೋಟಾರಿನಲ್ಲಿ ಕಾರ್ಬನ್ ತುಂಡುಗಳು ಉಜ್ಜುವಾಗ ಕಿಡಿ ಹಾರುತ್ತಲೇ ಇರುತ್ತದೆ. ಫ್ರಿಜ್ ನೀವು ಮುಟ್ಟದಿದ್ದರೂ ತಾನಾಗಿಯೇ ಆರಿ ಹತ್ತುತ್ತದೆ. ಸಡಿಲವಾದ ಹೋಲ್ಡರ್, ಸವೆದ ಪ್ಲಗ್ಗು, ಟಾರ್ಚಿನ ಗುಂಡಿ ಎಲ್ಲವೂ ಈ ಪಟ್ಟಿಗೆ ಸೇರಿದವೇ.

ಗಣಿಗಳು ಕಲಿಸಿದ ಪಾಠ

ಕಲ್ಲಿದ್ದಲ ಗಣಿಯಲ್ಲಿ ಕಲ್ಲಿನ ಸಂದಿಯಿಂದ ಹೊರಬರುವುದೂ ಇದೇ ಮೀಥೇನ್. 1815ರಲ್ಲಿ ಹಂಫ್ರಿ ಡೇವಿ ಎಂಬ ವಿಜ್ಞಾನಿ ದೀಪದ ಜ್ವಾಲೆಯ ಸುತ್ತ ಸಣ್ಣ ಕಣ್ಣಿನ ತಂತಿಬಲೆ ಕಟ್ಟಿದ. ಜ್ವಾಲೆ ಬಲೆಯನ್ನು ದಾಟುವಾಗ ತಣ್ಣಗಾಗಿ ಹೊರಗಿನ ಗ್ಯಾಸಿಗೆ ತಗುಲುತ್ತಿರಲಿಲ್ಲ.

ಮುಂದೆ ಗಣಿಯೊಳಗೆ ಕರೆಂಟು ಬಂತು. 1913ರ ಅಕ್ಟೋಬರಿನಲ್ಲಿ ಬ್ರಿಟನ್ನಿನ ವೇಲ್ಸ್ ಪ್ರಾಂತದ ಸೆಂಗ್‌ಹೆನಿಡ್ ಗಣಿಯಲ್ಲಿ ಸ್ಫೋಟವಾಗಿ 439 ಕಾರ್ಮಿಕರು ಸತ್ತರು. ಸಂಕೇತ ಕೊಡಲು ಬಳಸುತ್ತಿದ್ದ, ಬ್ಯಾಟರಿಯಿಂದ ನಡೆಯುವ ಗಂಟೆಯ ತಂತಿಯ ಕಿಡಿಯೇ ಕಾರಣವಿರಬಹುದೆಂಬ ಶಂಕೆ ಬಂತು. "ಸಣ್ಣ ಬ್ಯಾಟರಿ ತಾನೇ, ಏನಾದೀತು" ಎಂಬ ಮಾತು ಅಲ್ಲಿಗೆ ಮುಗಿಯಿತು. ಗ್ಯಾಸ್ ಇರುವ ಜಾಗಕ್ಕೆ ಹೋಗುವ ವಿದ್ಯುತ್ ಉಪಕರಣವನ್ನು ಮೊದಲು ಗ್ಯಾಸಿನಲ್ಲೇ ಇಟ್ಟು ಪರೀಕ್ಷಿಸಿ, ತೇರ್ಗಡೆಯಾದ ಮೇಲೆ ಕಳಿಸುವ ಪದ್ಧತಿ ಇಂಥ ಅನುಭವಗಳಿಂದ ಬೆಳೆದು ಬಂದಿದೆ.

ನಮ್ಮ ಜಿಲ್ಲೆಯ ಪುರ ಗ್ರಾಮ

ಗ್ಯಾಸಿನಿಂದ ಕರೆಂಟು ತೆಗೆಯುವುದು ನಮಗೆ ಹೊಸತಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಪ್ರೊ. ಎ.ಕೆ.ಎನ್. ರೆಡ್ಡಿಯವರ ಮುಂದಾಳುತನದಲ್ಲಿ 'ಅಸ್ತ್ರ' ಎಂಬ ಗ್ರಾಮೀಣ ತಂತ್ರಜ್ಞಾನ ವಿಭಾಗ ಹುಟ್ಟಿತು. ಅದರ ವಿಸ್ತರಣಾ ಕೇಂದ್ರ ಇದ್ದದ್ದು ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲಿ. ಅದೇ ತಾಲ್ಲೂಕಿನ ಪುರ ಗ್ರಾಮದಲ್ಲಿ 1987ರಿಂದ ಹಲವು ವರ್ಷ ಊರಿನ ಸಗಣಿಯ ಗ್ಯಾಸಿನಿಂದ ಸುಮಾರು 5 ಕಿಲೋವಾಟ್ ಜನರೇಟರ್ ನಡೆಸಿ, ಮನೆಗಳಿಗೆ ದೀಪ, ಕುಡಿಯಲು ಕೊಳವೆಬಾವಿಯ ನೀರು ಒದಗಿಸಿದರು. ಎಂಜಿನ್ನಿಗೆ ಸ್ವಲ್ಪ ಡೀಸೆಲ್ಲು, ಹೆಚ್ಚಿನ ಪಾಲು ಗ್ಯಾಸು. ಸಗಣಿ ತಂದುಕೊಟ್ಟ ಮನೆಯವರಿಗೆ ಬಗ್ಗಡ ವಾಪಸ್ಸು, ಜೊತೆಗೆ ಕಿಲೋ ಲೆಕ್ಕದಲ್ಲಿ ತುಸು ಹಣ.

ಹಸು ಸಾಕುವ ಊರು ತನ್ನ ಕರೆಂಟನ್ನು ತಾನೇ ಮಾಡಿಕೊಳ್ಳಬಹುದು ಎಂಬುದಕ್ಕೆ ಪುರ ಉದಾಹರಣೆ. 2018ರಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ಗೋಬರ್‌ಧನ್ ಯೋಜನೆಯ ನಂತರ ಊರೊಟ್ಟಿನ ದೊಡ್ಡ ಸ್ಥಾವರಗಳ ಮಾತು ಮತ್ತೆ ಕೇಳಿಬರುತ್ತಿದೆ. ಇಂಥ ಕಡೆ ಗ್ಯಾಸಿನ ಕೊಳವೆ, ಎಂಜಿನ್, ವೈರು, ಸ್ವಿಚ್ ಬೋರ್ಡು ಎಲ್ಲ ಹತ್ತಿರ ಹತ್ತಿರ ಬರುತ್ತವೆ. ಆದ್ದರಿಂದ ಮುಂದಿನ ಮಾತುಗಳನ್ನು ಗಮನವಿಟ್ಟು ಓದಿ.

ಜಾಗ ಮೂರು ಬಗೆ

ಗ್ಯಾಸ್ ಎಷ್ಟು ಹೊತ್ತು ಇರುತ್ತದೆ ಎಂಬುದರ ಮೇಲೆ ಜಾಗವನ್ನು ಮೂರು ವಲಯವಾಗಿ ವಿಂಗಡಿಸುತ್ತಾರೆ.

ವಲಯ 0: ಸಿಡಿಯಬಲ್ಲ ಮಿಶ್ರಣ ಸದಾ ಅಥವಾ ಬಹುಹೊತ್ತು ಇರಬಹುದಾದ ಜಾಗ. ಗ್ಯಾಸ್ ಕೂಡಿಡುವ ತೊಟ್ಟಿ, ಡ್ರಮ್ಮುಗಳ ಒಳಭಾಗ.

ವಲಯ 1: ಮಾಮೂಲಿ ಕೆಲಸದಲ್ಲೇ ಆಗಾಗ ಗ್ಯಾಸ್ ಬರುವ ಜಾಗ. ತೇಲುವ ಡ್ರಮ್ಮಿಗೂ ಗೋಡೆಗೂ ನಡುವಿನ ಸಂದಿ, ಗ್ಯಾಸ್ ಹೊರಬಿಡುವ ಕೊಳವೆಯ ಬಾಯಿ.

ವಲಯ 2: ಏನಾದರೂ ಕೆಟ್ಟಾಗ ಮಾತ್ರ, ಅದೂ ಸ್ವಲ್ಪ ಹೊತ್ತು ಗ್ಯಾಸ್ ಬರುವ ಜಾಗ. ಗಾಳಿಯಾಡುವ ಕಡೆ ಇರುವ ವಾಲ್ವು, ಕೊಳವೆಯ ಕೀಲುಗಳ ಸುತ್ತಮುತ್ತ.

ಇವುಗಳಾಚೆ ಇರುವುದು ಸಾಮಾನ್ಯ ಜಾಗ. ಅಲ್ಲಿ ಸಾಮಾನ್ಯ ಸ್ವಿಚ್ಚು, ಮೋಟಾರು ಬಳಸಲು ಅಡ್ಡಿಯಿಲ್ಲ. ವಿದ್ಯುತ್ ಉಪಕರಣವನ್ನು ಈ ಮೂರೂ ವಲಯದ ಹೊರಗಿಡುವುದೇ ಮೊದಲ ಉಪಾಯ. ಇದಕ್ಕೆ ಖರ್ಚೂ ಕಡಿಮೆ. ಒಳಗಿಡದೆ ಬೇರೆ ದಾರಿಯೇ ಇಲ್ಲದಾಗ ಮಾತ್ರ ಪ್ರಮಾಣಿತ ಉಪಕರಣದ ಪ್ರಶ್ನೆ ಬರುತ್ತದೆ.

ಪ್ರಮಾಣಪತ್ರ ಎಂದರೆ ಏನು?

ಫ್ಲೇಮ್‌ಪ್ರೂಫ್ ಪೆಟ್ಟಿಗೆಯೊಳಗೆ ಗ್ಯಾಸ್ ಹೋಗುವುದೇ ಇಲ್ಲ ಎಂದು ಹಲವರು ತಿಳಿದಿದ್ದಾರೆ. ಅದು ಸರಿಯಲ್ಲ. ಗ್ಯಾಸ್ ಒಳಗೆ ಹೋಗುತ್ತದೆ, ಕಿಡಿ ತಗುಲಿ ಒಳಗೇ ಸಿಡಿಯಲೂಬಹುದು ಎಂದುಕೊಂಡೇ ಅದನ್ನು ತಯಾರಿಸುತ್ತಾರೆ. ಪೆಟ್ಟಿಗೆ ಆ ಒತ್ತಡಕ್ಕೆ ಒಡೆಯಬಾರದು. ಮುಚ್ಚಳದ ಅಂಚಿನ ಕಿರಿದಾದ ಸಂದಿಯಲ್ಲಿ ಹಾದುಬರುವ ಬಿಸಿಗಾಳಿ ತಣ್ಣಗಾಗಿ ಹೊರಬರಬೇಕು. ಡೇವಿಯ ತಂತಿಬಲೆ ಮಾಡುತ್ತಿದ್ದುದೂ ಇದೇ ಕೆಲಸ. ಪ್ರಯೋಗಶಾಲೆಯಲ್ಲಿ ಪೆಟ್ಟಿಗೆಯ ಒಳಗೂ ಹೊರಗೂ ಗ್ಯಾಸ್ ತುಂಬಿ, ಒಳಗೆ ಕಿಡಿ ಹೊತ್ತಿಸುತ್ತಾರೆ. ಹೊರಗಿನ ಗ್ಯಾಸ್ ಹೊತ್ತಿಕೊಳ್ಳದಿದ್ದರೆ ತೇರ್ಗಡೆ.

ಇನ್ನೊಂದು ಬಗೆಯ ಉಪಕರಣದಲ್ಲಿ ಕರೆಂಟಿನ ಶಕ್ತಿಯನ್ನೇ ಬಹಳ ಕಡಿಮೆ ಮಾಡಿರುತ್ತಾರೆ. ತಂತಿ ತುಂಡಾದರೂ ಗ್ಯಾಸ್ ಹೊತ್ತಿಸುವಷ್ಟು ಕಿಡಿ ಏಳದು. ಗ್ಯಾಸ್ ಪತ್ತೆ ಮಾಡುವ ಸಣ್ಣ ಯಂತ್ರಗಳು ಸಾಮಾನ್ಯವಾಗಿ ಈ ಬಗೆಯವು.

ನಮ್ಮ ದೇಶದಲ್ಲಿ ಇವುಗಳಿಗೆ ಐಎಸ್/ಐಇಸಿ 60079 ಎಂಬ ಮಾನಕ ಮಾಲಿಕೆಯಿದೆ. ಧನಬಾದಿನ ಕೇಂದ್ರ ಗಣಿ ಮತ್ತು ಇಂಧನ ಸಂಶೋಧನಾ ಸಂಸ್ಥೆಯಂಥ ಪ್ರಯೋಗಶಾಲೆಗಳು ಪರೀಕ್ಷೆ ನಡೆಸುತ್ತವೆ. ನಾಗಪುರದಲ್ಲಿ ಮುಖ್ಯ ಕಚೇರಿಯಿರುವ ಪೆಟ್ರೋಲಿಯಂ ಮತ್ತು ಸ್ಫೋಟಕಗಳ ಸುರಕ್ಷತಾ ಸಂಸ್ಥೆ, ಅಂದರೆ 'ಪೆಸೊ', ಅನುಮೋದನೆ ಕೊಡುತ್ತದೆ.

ಕೊಳ್ಳುವಾಗ ಏನು ನೋಡಬೇಕು?

ತುಮಕೂರಿನ ಅಂಗಡಿಗೆ ಹೋದಾಗ ಪೆಟ್ಟಿಗೆಯ ಮೇಲೆ ಅಚ್ಚಾದ ಲೋಹದ ಫಲಕವನ್ನು ಓದಿ.

1. 'ಎಕ್ಸ್' ಎಂಬ ಗುರುತು ಇರಬೇಕು. ಪಕ್ಕದ 'ಡಿ' ಅಕ್ಷರ ಫ್ಲೇಮ್‌ಪ್ರೂಫ್ ಎಂಬುದನ್ನು, 'ಐ' ಅಕ್ಷರ ಕಡಿಮೆ ಶಕ್ತಿಯ ಬಗೆ ಎಂಬುದನ್ನು ಸೂಚಿಸುತ್ತದೆ.

2. ಗ್ಯಾಸಿನ ಗುಂಪು ರೋಮನ್ ಅಂಕಿ ಎರಡರ ಜೊತೆ ಎ, ಬಿ ಅಥವಾ ಸಿ ಎಂದಿರುತ್ತದೆ. ಮೀಥೇನಿಗೆ 'ಎ' ಸಾಕು. 'ಬಿ', 'ಸಿ' ಇನ್ನೂ ಬಿಗಿಯಾದವು, ಅವೂ ಆಗುತ್ತವೆ.

3. ಟಿ1ರಿಂದ ಟಿ6ರವರೆಗಿನ ಗುರುತು ಉಪಕರಣದ ಮೈ ಎಷ್ಟು ಬಿಸಿಯಾಗಬಹುದು ಎಂಬುದನ್ನು ತಿಳಿಸುತ್ತದೆ. ಟಿ1 ಎಂದರೆ 450 ಡಿಗ್ರಿ ಸೆಲ್ಸಿಯಸ್ ದಾಟದು, ಟಿ6 ಎಂದರೆ 85 ಡಿಗ್ರಿ ದಾಟದು. ಮೀಥೇನಿಗೆ ಟಿ1 ಸಾಕು.

4. ಪ್ರಮಾಣಪತ್ರದ ಸಂಖ್ಯೆ ಫಲಕದಲ್ಲಿರಬೇಕು. ಪತ್ರದ ಪ್ರತಿ ಕೇಳಿ ಪಡೆದು, ಉಪಕರಣದ ಮಾದರಿ ಸಂಖ್ಯೆಯೊಂದಿಗೆ ತಾಳೆ ನೋಡಿ.

ಇಲ್ಲೊಂದು ಎಚ್ಚರಿಕೆ. 'ವೆದರ್‌ಪ್ರೂಫ್', 'ವಾಟರ್‌ಪ್ರೂಫ್', 'ಐಪಿ 65' ಎಂದು ಬರೆದ ದೀಪ ಮಳೆ, ಧೂಳು ತಡೆಯುತ್ತದೆಯೇ ಹೊರತು ಸ್ಫೋಟವನ್ನಲ್ಲ. ನೋಡಲು ದಪ್ಪ ಎರಕದ ಪೆಟ್ಟಿಗೆಯಾಗಿದ್ದರೂ 'ಎಕ್ಸ್' ಗುರುತಿಲ್ಲದಿದ್ದರೆ ಅದು ಬರೀ ಮಳೆ ದೀಪ.

ಇನ್ನೊಂದು ಮಾತು. ಪ್ರಮಾಣಪತ್ರ ಇರುವುದು ಪರೀಕ್ಷೆಯಾದ ಸ್ಥಿತಿಯಲ್ಲಿರುವ ಪೆಟ್ಟಿಗೆಗೆ. ಒಂದು ಬೋಲ್ಟು ಕಳೆದರೆ, ಮುಚ್ಚಳದ ಅಂಚಿಗೆ ಬಣ್ಣ ಬಳಿದರೆ, ವೈರಿಗೆಂದು ಹೊಸ ತೂತು ಕೊರೆದರೆ, ವೈರು ಒಳಹೋಗುವ ಕಡೆ ಮಾಮೂಲಿ ಗ್ಲ್ಯಾಂಡ್ ಹಾಕಿದರೆ ಪತ್ರಕ್ಕೆ ಬೆಲೆಯಿಲ್ಲ. ಕೆಟ್ಟಾಗ ಊರಿನ ಮೋಟಾರು ರಿಪೇರಿಯವರ ಕೈಗೆ ಕೊಡದೆ ಈ ಕೆಲಸ ಬಲ್ಲವರಿಗೇ ಕೊಡಿ.

ಗ್ಯಾಸ್ ಎಂಜಿನ್ ಇರುವ ಕೋಣೆಯಲ್ಲಿ ಬಿಸಿಯಾದ ಎಂಜಿನ್ನೇ ಹೊತ್ತಿಸಬಲ್ಲದು. ಅಲ್ಲಿ ಬೆಲೆಯ ದೀಪ ತಂದು ಹಾಕಿ ಕಿಟಕಿ ಮುಚ್ಚಿದರೆ ಪ್ರಯೋಜನವಿಲ್ಲ. ಸೂರಿನ ಹತ್ತಿರ ಮತ್ತು ನೆಲದ ಹತ್ತಿರ ಎರಡೂ ಕಡೆ ಗಾಳಿಕಿಂಡಿ ಇರಲಿ, ಗ್ಯಾಸ್ ನಿಲ್ಲಿಸುವ ವಾಲ್ವು ಕೋಣೆಯ ಹೊರಗಿರಲಿ. ಎಂಜಿನ್ನಿಗಾಗಿ ಗ್ಯಾಸನ್ನು ಶೋಧಿಸಿದಾಗ ಅದರ ಕೆಟ್ಟ ವಾಸನೆ ಹೋಗುತ್ತದೆ. ಆಗ ಸೋರಿಕೆ ಮೂಗಿಗೆ ತಿಳಿಯದು. ಗ್ಯಾಸ್ ಪತ್ತೆ ಯಂತ್ರ ಅಗತ್ಯ.

ಮನೆಯ ಸ್ಥಾವರ ಇರುವವರು ಗಮನಿಸಬೇಕಾದದ್ದು

ಮನೆಮಟ್ಟದ ಸ್ಥಾವರಕ್ಕೆ ಪ್ರಮಾಣಿತ ಉಪಕರಣ ಕೊಳ್ಳುವ ಅಗತ್ಯ ಸಾಮಾನ್ಯವಾಗಿ ಬೀಳದು. ಕೆಳಗಿನವನ್ನು ಪಾಲಿಸಿದರೆ ಸಾಕು.

1. ಸ್ಥಾವರದ ಮೇಲೆ ಬಲ್ಬು, ಸ್ವಿಚ್ಚು ಹಾಕಬೇಡಿ. ಬೆಳಕು ಬೇಕಿದ್ದರೆ ನಾಲ್ಕೈದು ಮಾರು ದೂರದಲ್ಲಿ ಕಂಬ ನೆಟ್ಟು ಅಲ್ಲಿಂದ ಬೆಳಕು ಬೀಳಿಸಿ. ಮೋಟಾರು, ಸ್ಟಾರ್ಟರುಗಳನ್ನೂ ದೂರವಿಡಿ.

2. ಕೊಳವೆಯ ಕೀಲುಗಳಿಗೆ ಆಗಾಗ ಸೋಪಿನ ನೀರು ಹಚ್ಚಿ. ಗುಳ್ಳೆ ಎದ್ದರೆ ಸೋರಿಕೆ ಇದೆ. ಬೆಂಕಿಕಡ್ಡಿ ಗೀರಿ ಪರೀಕ್ಷಿಸುವುದು ಬೇಡವೇ ಬೇಡ.

3. ಅಡಿಗೆಮನೆಯ ಸೂರಿನ ಹತ್ತಿರ ಮುಚ್ಚಲಾಗದ ಗಾಳಿಕಿಂಡಿ ಇಡಿಸಿ. ಇನ್ವರ್ಟರ್, ಫ್ರಿಜ್ ಬೇರೆ ಕೋಣೆಯಲ್ಲಿರಲಿ.

4. ಗ್ಯಾಸಿನ ವಾಸನೆ ಬಂದರೆ ಸ್ವಿಚ್ ಹಾಕಲೂಬೇಡಿ, ಆರಿಸಲೂಬೇಡಿ. ಬಾಗಿಲು ಕಿಟಕಿ ತೆರೆದು, ಮನೆಯವರನ್ನು ಹೊರಕ್ಕೆ ಕಳಿಸಿ, ಸ್ಥಾವರದ ಬಳಿಯ ವಾಲ್ವು ಮುಚ್ಚಿ. ಫೋನ್ ಮಾಡುವುದಿದ್ದರೆ ಹೊರಗೆ ದೂರ ಹೋಗಿ ಮಾಡಿ.

5. ಹೊಸ ಸ್ಥಾವರದಲ್ಲಿ ಮೊದಲು ತುಂಬಿದ ಗ್ಯಾಸಿನಲ್ಲಿ ಗಾಳಿ ಬೆರೆತಿರುತ್ತದೆ. ಅದನ್ನು ಹೊತ್ತಿಸದೆ ಬಯಲಿಗೆ ಬಿಟ್ಟುಬಿಡಿ.

6. ಡ್ರಮ್ಮಿಗೆ ವೆಲ್ಡಿಂಗ್ ಮಾಡಿಸುವಾಗ ಅದನ್ನು ಸ್ಥಾವರದಿಂದ ಹೊರತೆಗೆದು, ದೂರ ಒಯ್ದು, ತೊಳೆದು, ಗಾಳಿಯಾಡಿಸಿದ ಮೇಲೆಯೇ ಮಾಡಿಸಿ. ಗುಂಡಿಯ ಮೇಲಿದ್ದಂತೆಯೇ ವೆಲ್ಡಿಂಗ್ ಕೂಡದು.

7. ಗುಂಡಿಯೊಳಗೆ ಇಳಿಯಬೇಡಿ. ಹೈಡ್ರೋಜನ್ ಸಲ್ಫೈಡ್ ಹೆಚ್ಚಾದಾಗ ಮೂಗಿಗೆ ವಾಸನೆಯೇ ತಿಳಿಯದಾಗುತ್ತದೆ, ಮನುಷ್ಯ ಕ್ಷಣದಲ್ಲಿ ಕುಸಿಯುತ್ತಾನೆ. ಎತ್ತಲು ಹೋದವನೂ ಮೇಲೆ ಬರುವುದಿಲ್ಲ.

ಸಂಘದ ಕಟ್ಟಡದಲ್ಲಿ

ಗ್ಯಾಸ್ ಇಲ್ಲದ ಕಡೆಯೂ ಇದೇ ನಿಯಮ ಅನ್ವಯಿಸುತ್ತದೆ. ಸಂಘದಲ್ಲಿ ಹಾಲು ಪರೀಕ್ಷೆಯ ಯಂತ್ರ, ಕಂಪ್ಯೂಟರಿಗೆಂದು ಇಟ್ಟ ನೀರು ಹಾಕುವ ಬ್ಯಾಟರಿ ಚಾರ್ಜ್ ಆಗುವಾಗ ಹೈಡ್ರೋಜನ್ ಹೊರಬಿಡುತ್ತದೆ. ಗಾಳಿಯಲ್ಲಿ ನೂರಕ್ಕೆ 4 ಪಾಲು ಸೇರಿದರೆ ಇದೂ ಸಿಡಿಯಬಲ್ಲದು. ಬ್ಯಾಟರಿಯನ್ನು ಮುಚ್ಚಿದ ಕಪಾಟಿನಲ್ಲಿಡದೆ ಗಾಳಿಯಾಡುವ ಕಡೆ ಇಡಿ.

ಹಿಟ್ಟಿನ ಹುಡಿಯೂ ಗಾಳಿಯಲ್ಲಿ ದಟ್ಟವಾಗಿ ತೇಲುವಾಗ ಸಿಡಿಯುತ್ತದೆ. ಗುಬ್ಬಿಯಲ್ಲಿರುವಂಥ ಪಶು ಆಹಾರ ಕಾರ್ಖಾನೆಗಳಲ್ಲಿ ಧಾನ್ಯ, ಹಿಂಡಿ ಅರೆಯುವ ಕೆಲಸ ನಡೆಯುತ್ತದೆ. ಹುಡಿ ಏಳುವ ಇಂಥ ಜಾಗಗಳಿಗೆಂದೇ 20, 21, 22 ಎಂಬ ಬೇರೆ ವಲಯಗಳೂ ಬೇರೆ ಪ್ರಮಾಣಿತ ಉಪಕರಣಗಳೂ ಇವೆ. ಮನೆಯಲ್ಲಿ ಮೇವು, ಹಿಂಡಿ ಪುಡಿ ಮಾಡುವ ಯಂತ್ರ ಇಟ್ಟವರು ಗೋಡೆ, ಮೋಟಾರು, ಸ್ವಿಚ್ಚುಗಳ ಮೇಲೆ ಕೂತ ಹುಡಿಯನ್ನು ಆಗಾಗ ಗುಡಿಸಿ ತೆಗೆಯಬೇಕು.

ಕೊನೆಯದಾಗಿ ಈ ಕ್ರಮವನ್ನು ನೆನಪಿಡಿ: ಮೊದಲು ಗ್ಯಾಸ್ ಸೋರದಂತೆ ನೋಡಿಕೊಳ್ಳಿ. ಸೋರಿದರೂ ನಿಲ್ಲದಂತೆ ಗಾಳಿಗೆ ದಾರಿ ಮಾಡಿ. ಕರೆಂಟನ್ನು ದೂರವಿಡಿ. ದೂರವಿಡಲು ಆಗದಿದ್ದಲ್ಲಿ ಮಾತ್ರ ಪ್ರಮಾಣಿತ ಉಪಕರಣ ಹಾಕಿಸಿ. ಮೊದಲ ಮೂರನ್ನು ಬಿಟ್ಟು ನಾಲ್ಕನೆಯದನ್ನೇ ನಂಬಿದರೆ ಆ ಪತ್ರ ನಿಮ್ಮ ಮನೆಯನ್ನು ಕಾಯದು.

ಮುಂದಿನ ಸಂಘದ ಸಭೆಯಲ್ಲಿ ಇದನ್ನು ಓದಿಸಿ, ಮನೆಯ ಹೆಣ್ಣುಮಕ್ಕಳಿಗೂ ತಿಳಿಸಿ. ಒಲೆಯ ಕಿವಿಯೂ ಅಡಿಗೆಮನೆಯ ಸ್ವಿಚ್ಚೂ ಹೆಚ್ಚಾಗಿ ಇರುವುದು ಅವರ ಕೈಯಲ್ಲೇ. ಸಂದೇಹವಿದ್ದಲ್ಲಿ ನಿಮ್ಮ ಸಂಘದ ಕಾರ್ಯದರ್ಶಿಯವರ ಮೂಲಕ ವಿಸ್ತರಣಾಧಿಕಾರಿಯನ್ನು ವಿಚಾರಿಸಿ.