ಒಂದೇ ದಿನದ ರೆಕಾರ್ಡಿಂಗ್, ಐವತ್ತು ವರ್ಷಗಳ ಹುಡುಕಾಟ: ‘ಆರ್ಜಕೆಲ್’ ಕುರಿತು ನಿಮ್ಮ ಪ್ರಶ್ನೆಗಳು

ಹಳೇ ರೆಕಾರ್ಡುಗಳ ಕುರಿತ ಈ ಅಂಕಣಕ್ಕೆ ಬಂದ ಪತ್ರಗಳ ಪೈಕಿ ಹಲವು ಈ ಬಾರಿ 1960ರ ದಶಕದ ಕೊನೆಯ ಸೈಕೆಡೆಲಿಕ್ ರಾಕ್ ಸುತ್ತಲೇ ಇವೆ. ಆಯ್ದ ಐದಕ್ಕೆ ಇಲ್ಲಿ ಉತ್ತರ.

ಪ್ರಶ್ನೆ: ಇಲ್ಲಿನ ರೆಕಾರ್ಡ್ ಮೇಳವೊಂದರಲ್ಲಿ ‘ಆರ್ಜಕೆಲ್’ ಎಂಬ 1969ರ ಎಲ್ಪಿಗೆ ನನ್ನ ಕೋಣೆಯ ತಿಂಗಳ ಬಾಡಿಗೆಯಷ್ಟು ಬೆಲೆ ಹೇಳಿದರು. ಪಕ್ಕದಲ್ಲೇ ಬೀಟಲ್ಸ್ ಎಲ್ಪಿ ಅಗ್ಗಕ್ಕಿತ್ತು. ಯಾರೂ ಹೆಸರು ಕೇಳದ ತಂಡಕ್ಕೆ ಯಾಕಿಷ್ಟು ಬೆಲೆ?
— ಕನ್ನಡಿಗ ಓದುಗರು, ರೆಡಿಂಗ್, ಇಂಗ್ಲೆಂಡ್

ಉತ್ತರ: ಬೀಟಲ್ಸ್ ರೆಕಾರ್ಡುಗಳು ಲಕ್ಷಗಟ್ಟಲೆ ಮನೆ ಸೇರಿದವು, ಇಂದಿಗೂ ಬೇಕಾದಷ್ಟು ಸಿಗುತ್ತವೆ. ‘ಆರ್ಜಕೆಲ್’ ಹೊರಬಂದದ್ದು ಎವಲ್ಯೂಷನ್ ಎಂಬ ಸಣ್ಣ ಕಂಪನಿಯಿಂದ. ರೆಕಾರ್ಡ್ ಅಂಗಡಿಗೆ ಬಂದಾಗ ಊರೂರು ತಿರುಗಿ ನುಡಿಸಲು ಆ ಹೆಸರಿನ ತಂಡವೇ ಇರಲಿಲ್ಲ.

ಕಥೆ ಹೀಗಿದೆ. ಸಿಟಿ ಆಫ್ ಲಂಡನ್ ಸ್ಕೂಲಿನ ಹುಡುಗರಾದ ಸ್ಟೀವ್ ಹಿಲೇಜ್ (ಗಿಟಾರ್), ಡೇವ್ ಸ್ಟೂವರ್ಟ್ (ಆರ್ಗನ್), ಮಾಂಟ್ ಕ್ಯಾಂಬೆಲ್ (ಬೇಸ್, ಗಾಯನ) ಸೇರಿ ‘ಯೂರಿಯಲ್’ ಎಂಬ ತಂಡ ಕಟ್ಟಿದರು. ಡ್ರಮ್ಸಿಗೆ ಕ್ಲೈವ್ ಬ್ರೂಕ್ಸ್ ಬಂದ. 1968ರ ಬೇಸಿಗೆಯಲ್ಲಿ ಐಲ್ ಆಫ್ ವೈಟ್ ದ್ವೀಪದ ರೈಡ್ ಊರಿನ ಹೋಟೆಲೊಂದರಲ್ಲಿ ನುಡಿಸಿದರು. ಆಮೇಲೆ ಹಿಲೇಜ್ ಓದು ಮುಗಿಸಲು ತಂಡ ಬಿಟ್ಟ. ಉಳಿದ ಮೂವರು ‘ಎಗ್’ ಎಂದು ಹೆಸರಿಟ್ಟುಕೊಂಡು ಡೆಕ್ಕಾ ಕಂಪನಿಯ ಜೊತೆ ಒಪ್ಪಂದ ಮಾಡಿಕೊಂಡರು. ಅಷ್ಟರಲ್ಲಿ ಸೈಕೆಡೆಲಿಕ್ ಎಲ್ಪಿಯೊಂದನ್ನು ಮಾಡಿಕೊಡಿ ಎಂಬ ಕೇಳಿಕೆ ಬಂತು. ಹಿಲೇಜ್‌ನನ್ನು ಮತ್ತೆ ಕರೆದು, ನಾಲ್ವರೂ ಒಂದೇ ದಿನದಲ್ಲಿ ಇಡೀ ಎಲ್ಪಿ ಮುಗಿಸಿದರು.

ಒಪ್ಪಂದದ ಕಾರಣಕ್ಕೆ ಸ್ವಂತ ಹೆಸರು ಹಾಕುವಂತಿರಲಿಲ್ಲ. ಹಾಗಾಗಿ ಕವರಿನ ಮೇಲೆ ಹಿಲೇಜ್ ‘ಸಿಮಿಯನ್ ಸಾಸ್ಪರೆಲ್ಲಾ’ ಆದ, ಸ್ಟೂವರ್ಟ್ ‘ಸ್ಯಾಮ್ ಲೀ-ಉಫ್’, ಕ್ಯಾಂಬೆಲ್ ‘ಎನ್ಜೆರೋಗಿ ಗಟೆಗಾಕಾ’, ಬ್ರೂಕ್ಸ್ ‘ಬೇಸಿಲ್ ಡೌಲಿಂಗ್’. ಇವರಿಗೆಲ್ಲ ಕಟ್ಟುಕಥೆಯ ಪರಿಚಯ ಬೇರೆ. ತಂಡದ ಹೆಸರನ್ನು ಚಂದ್ರನ ಮೇಲಿನ ಕುಳಿಯೊಂದರಿಂದ ತೆಗೆದುಕೊಂಡರು. ಸುಮಾರು 97 ಕಿ.ಮೀ. ಅಗಲದ ಆ ಕುಳಿಗೆ ಆ ಹೆಸರು ಬಂದದ್ದು 11ನೇ ಶತಮಾನದಲ್ಲಿ ಟೊಲೆಡೊ ನಗರದಲ್ಲಿದ್ದ ಖಗೋಳಜ್ಞ ಅಲ್-ಜರ್ಕಾಲಿಯಿಂದ. ಮನುಷ್ಯ ಚಂದ್ರನ ಮೇಲೆ ಕಾಲಿಟ್ಟ ವರ್ಷಕ್ಕೆ ಒಪ್ಪುವ ಹೆಸರು.

ಬೆಲೆ ಏರಿದ್ದು ಆಮೇಲೆ. ಹಿಲೇಜ್ ‘ಗಾಂಗ್’ ತಂಡ ಸೇರಿ ದೊಡ್ಡ ಹೆಸರು ಮಾಡಿದ. ಸ್ಟೂವರ್ಟ್ ‘ಹ್ಯಾಟ್‌ಫೀಲ್ಡ್ ಅಂಡ್ ದ ನಾರ್ತ್’ ತಂಡದಲ್ಲಿ ನುಡಿಸಿದ. 1981ರಲ್ಲಿ ಬಾರ್ಬರಾ ಗ್ಯಾಸ್ಕಿನ್ ಜೊತೆಗಿನ ಅವನ ಹಾಡು ಬ್ರಿಟನ್ನಿನ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿತು. ಈ ಎಲ್ಲರ ಅಭಿಮಾನಿಗಳೂ ಹಿಂದಕ್ಕೆ ಹುಡುಕುತ್ತ ಬಂದು ಮುಟ್ಟುವುದು ಇದೇ ರೆಕಾರ್ಡನ್ನು. ಕೇಳುವವರು ಹೆಚ್ಚಿದರು, ಪ್ರತಿಗಳು ಇದ್ದಷ್ಟೇ ಉಳಿದವು.

ಪ್ರಶ್ನೆ: ಬೆಲೆಯ ಮಾತು ಇರಲಿ, ಸಂಗೀತ ಹೇಗಿದೆ? ನಾನು ಗಿಟಾರ್ ಕಲಿಯುತ್ತಿದ್ದೇನೆ. ಎಲ್ಲಿಂದ ಕೇಳಲು ಶುರುಮಾಡಲಿ?
— ವಿದ್ಯಾರ್ಥಿನಿ, ಮೈಸೂರು

ಉತ್ತರ: ಮೊದಲು ಕೇಳಬೇಕಾದ ಪ್ರಶ್ನೆಯೇ ಇದು. ಒಂದನೇ ಬದಿಯಲ್ಲಿ ನಾಲ್ಕು ಚಿಕ್ಕ ಹಾಡುಗಳಿವೆ, ಎರಡನೇ ಬದಿಯಲ್ಲಿ ಎರಡೇ ಎರಡು. ನೀವು ಎರಡನೇ ಬದಿಯಿಂದಲೇ ಶುರುಮಾಡಿ. ‘ಕ್ಲೀನ್ ಇನೊಸೆಂಟ್ ಫನ್’ ಹತ್ತು ನಿಮಿಷ ದಾಟುತ್ತದೆ, ‘ಮೆಟೆಂಸೈಕೋಸಿಸ್’ ಹದಿನಾರನ್ನೂ ದಾಟುತ್ತದೆ. ಹಿಲೇಜ್‌ನ ಗಿಟಾರ್ ಬ್ಲೂಸ್‌ನಿಂದ ಹೊರಟು ಕರ್ಕಶವಾಗುತ್ತ, ಪ್ರತಿಧ್ವನಿಯಲ್ಲಿ ಕರಗುತ್ತ, ಮತ್ತೆ ತಾಳಕ್ಕೆ ಮರಳುತ್ತದೆ. ಆಗ ಅವನಿಗೆ 18ರ ಆಸುಪಾಸು. ಕಲಿಯುವವರು ಒಂದು ಸಂಗತಿ ಗಮನಿಸಬೇಕು: ಗಿಟಾರ್ ಎಷ್ಟೇ ದೂರ ಹೋದರೂ ಬೇಸ್ ಮತ್ತು ಡ್ರಮ್ಸ್ ಜಾಗ ಬಿಡುವುದಿಲ್ಲ. ಆ ಭದ್ರತೆ ಇರುವುದರಿಂದಲೇ ಅವನು ಅಷ್ಟು ಧೈರ್ಯ ಮಾಡುತ್ತಾನೆ.

ಒಂದನೇ ಬದಿಯ ‘ಅಜಥಾತ್’ಗೆ ಹೆಸರು ಬಂದದ್ದು ಅಮೆರಿಕದ ಲೇಖಕ ಲವ್‌ಕ್ರಾಫ್ಟ್‌ನ ಭಯಾನಕ ಕಥೆಗಳಿಂದ. ಅದರಲ್ಲಿ ಆರ್ಗನ್ ಚರ್ಚಿನೊಳಗೆ ನುಡಿದ ಹಾಗೆ ಗಂಭೀರವಾಗಿದೆ. ‘ಕ್ವೀನ್ ಸ್ಟ್ರೀಟ್ ಗ್ಯಾಂಗ್’ನಲ್ಲಿ ಮಾತಿಲ್ಲ, ಬರೀ ವಾದ್ಯ. ಅಲ್ಲಲ್ಲಿ ತಪ್ಪು ಸ್ವರ ಕೇಳುತ್ತದೆ, ಕೆಲವು ಕಡೆ ಎಳೆದರು ಅನಿಸುತ್ತದೆ. ಒಂದೇ ದಿನದ ಕೆಲಸ ಎಂಬುದು ಆಗ ಕಿವಿಗೇ ತಿಳಿಯುತ್ತದೆ. ತಿದ್ದಿ ನುಣುಪು ಮಾಡಲು ಪುರಸೊತ್ತಿಲ್ಲದ ಆ ಹುರುಪೇ ಇದರ ಜೀವ.

ಪ್ರಶ್ನೆ: ಆನ್‌ಲೈನಿನಲ್ಲಿ ಒಬ್ಬರು ‘ಒರಿಜಿನಲ್’ ಎಂದು ಮಾರುತ್ತಿದ್ದಾರೆ. ನಂಬಬಹುದೇ? ಹೊಸ ಮುದ್ರಣ ಕೊಂಡರೆ ನಷ್ಟವೇ?
— ಬ್ಯಾಂಕ್ ಉದ್ಯೋಗಿ, ಹುಬ್ಬಳ್ಳಿ

ಉತ್ತರ: ಬ್ರಿಟನ್ನಿನ ಮೊದಲ ಮುದ್ರಣದ ಸಂಖ್ಯೆ ಎವಲ್ಯೂಷನ್ ಝಡ್ 1003. ಅಮೆರಿಕದಲ್ಲಿ ರೂಲೆಟ್ ಕಂಪನಿ ತಂದಿತು. ಆದರೆ ಸಂಖ್ಯೆ ನೋಡಿ ದುಡ್ಡು ಕೊಡಬೇಡಿ. ಈ ಎಲ್ಪಿಗೆ ಅನುಮತಿಯಿಲ್ಲದ ನಕಲುಗಳು ಹಲವು ಬಂದಿವೆ, ನಕಲು ಮಾಡುವವರು ಸಂಖ್ಯೆಯನ್ನೂ ನಕಲು ಮಾಡುತ್ತಾರೆ.

ಮಾರುವವರಿಂದ ಮೂರು ಫೋಟೊ ಕೇಳಿ. ಮೊದಲನೆಯದು ಲೇಬಲ್ಲಿನದು. ಎರಡನೆಯದು ಕೊನೆಯ ಹಾಡು ಮುಗಿದ ಮೇಲೆ ಲೇಬಲ್ಲಿನವರೆಗೆ ಖಾಲಿ ಉಳಿಯುವ ಸುತ್ತಿನದು. ಅಲ್ಲಿ ಕೊರೆದ ಅಕ್ಷರ, ಅಂಕಿಗಳನ್ನು ಬಲ್ಲ ಸಂಗ್ರಾಹಕರ ಬಳಿ ಇರುವ ಪ್ರತಿಯೊಡನೆ ಹೋಲಿಸಿ ನೋಡಿ. ಮೂರನೆಯದು ಕವರಿನ ಸಣ್ಣ ಅಕ್ಷರಗಳದು, ಹತ್ತಿರದಿಂದ. ಹಳೇ ಕವರನ್ನೇ ಫೋಟೊ ತೆಗೆದು ಅಚ್ಚು ಹಾಕಿದ್ದರೆ ಅಕ್ಷರದ ಅಂಚು ಮಸುಕಾಗಿರುತ್ತದೆ. ಬಾರ್‌ಕೋಡ್ ಕಂಡರೆ ಮಾತೇ ಬೇಡ, 1969ರಲ್ಲಿ ಎಲ್ಪಿ ಕವರಿನ ಮೇಲೆ ಅದು ಇರಲಿಲ್ಲ. ಫೋಟೊ ಕೊಡಲು ಹಿಂದೆಮುಂದೆ ನೋಡುವವರ ಸಹವಾಸವೇ ಬೇಡ.

ಸಂಗೀತ ಬೇಕಾದವರಿಗೆ ಮರುಮುದ್ರಣದಿಂದ ನಷ್ಟವೇನೂ ಇಲ್ಲ. 2007ರಲ್ಲಿ ‘ಎಗ್ ಆರ್ಕೈವ್’ ಎಂಬ ಸಂಸ್ಥೆಯಿಂದ ಇದರ ಸಿ.ಡಿ. ಬಂತು, ಯೂರಿಯಲ್ ಎಂಬ ಮೂಲ ಹೆಸರಿನೊಂದಿಗೆ. ಅದು ಸಂಗೀತಗಾರರ ಕಡೆಯಿಂದಲೇ ಬಂದದ್ದು. ನನ್ನ ನಿಲುವು ಸ್ಪಷ್ಟ: ನಕಲು ಎಲ್ಪಿಗೆ ಕೊಡುವ ಹಣದಲ್ಲಿ ಒಂದು ಪೈಸೆಯೂ ನುಡಿಸಿದವರಿಗೆ ಸೇರುವುದಿಲ್ಲ, ಅದನ್ನು ಕೊಳ್ಳಬೇಡಿ. ಮೊದಲ ಮುದ್ರಣ ಕೊಳ್ಳುವುದಾದರೆ ಆ ವಸ್ತುವಿನ ಮೇಲಿನ ಪ್ರೀತಿಗೆ ಕೊಳ್ಳಿ, ನಾಳೆ ಬೆಲೆ ಏರುತ್ತದೆಂಬ ಲೆಕ್ಕಕ್ಕಲ್ಲ.

ಪ್ರಶ್ನೆ: ಸಮುದ್ರದ ಪಕ್ಕ ಮನೆ. ಮಳೆಗಾಲ ಬಂದರೆ ರೆಕಾರ್ಡುಗಳಿಗೆ ಬೂಷ್ಟು ಹಿಡಿಯುತ್ತದೆ. ಏನು ಮಾಡಲಿ?
— ನಿವೃತ್ತ ಶಿಕ್ಷಕರು, ಕುಂದಾಪುರ

ಉತ್ತರ: ಗುರುಗಳೇ, ಬೂಷ್ಟು ಕವರಿನಿಂದ ರೆಕಾರ್ಡಿಗೆ ದಾಟುತ್ತದೆ. ಹಾಗಾಗಿ ಹಳೆಯ ಒಳಚೀಲ ಎಸೆದು ಹೊಸದು ಹಾಕಿ. ಡಿಸ್ಟಿಲ್ಡ್ ವಾಟರ್‌ಗೆ ಸುವಾಸನೆಯಿಲ್ಲದ ಸೌಮ್ಯ ಸೋಪಿನ ನೀರು ಎರಡು ಹನಿ ಬೆರೆಸಿ, ಮೆತ್ತನೆ ಬಟ್ಟೆಯಲ್ಲಿ ಗೆರೆಗಳ ಸುತ್ತಿಗೆ ಅನುಸಾರವಾಗಿ ಒರೆಸಿ, ಅಡ್ಡಡ್ಡ ಉಜ್ಜಬೇಡಿ. ಲೇಬಲ್ ಒದ್ದೆಯಾಗದಿರಲಿ. ಆಮೇಲೆ ಬರೀ ಡಿಸ್ಟಿಲ್ಡ್ ವಾಟರ್‌ನಲ್ಲಿ ಇನ್ನೊಮ್ಮೆ ಒರೆಸಿ, ಪೂರ್ತಿ ಒಣಗಿದ ಮೇಲೆ ಚೀಲಕ್ಕೆ ಸೇರಿಸಿ. ಒಂದರ ಮೇಲೊಂದು ಪೇರಿಸದೆ ನೆಟ್ಟಗೆ ನಿಲ್ಲಿಸಿ. ಕಪಾಟು ಹೊರಗೋಡೆಗೆ ತಾಗದಂತೆ ಇರಲಿ, ಒಳಗೆ ಸಿಲಿಕಾ ಜೆಲ್ ಪೊಟ್ಟಣ ಇಡಿ. ಎಲ್ಲಕ್ಕಿಂತ ಮುಖ್ಯ, ಆಗಾಗ ತೆಗೆದು ಹಾಕಿ ಕೇಳಿ. ಕೈಯಾಡುವ ರೆಕಾರ್ಡಿನಲ್ಲಿ ಬೂಷ್ಟು ಬೇಗ ಕಣ್ಣಿಗೆ ಬೀಳುತ್ತದೆ.

ಪ್ರಶ್ನೆ: ನಮ್ಮ ದೇಶದಲ್ಲೂ ಆ ಕಾಲದಲ್ಲಿ ಇಂಥ ರಾಕ್ ರೆಕಾರ್ಡುಗಳು ಬಂದಿದ್ದವೇ?
— ಗೃಹಿಣಿ, ಜಯನಗರ, ಬೆಂಗಳೂರು

ಉತ್ತರ: ಬಂದಿದ್ದವು. ಸಿಮ್ಲಾ ಸಿಗರೇಟಿನ ಪ್ರಚಾರಕ್ಕೆಂದು ನಡೆದ ‘ಸಿಮ್ಲಾ ಬೀಟ್’ ಸ್ಪರ್ಧೆಗೆ ದೇಶದ ನಾನಾ ನಗರಗಳಿಂದ ತಂಡಗಳು ಬರುತ್ತಿದ್ದವು. ಆಯ್ದ ತಂಡಗಳ ಹಾಡುಗಳು 1970 ಮತ್ತು 1971ರ ಎರಡು ಎಲ್ಪಿಗಳಲ್ಲಿ ಬಂದವು. ಇಂದು ಹೊರದೇಶದ ಸಂಗ್ರಾಹಕರೂ ಅವನ್ನು ಹುಡುಕುತ್ತಾರೆ, ಅಲ್ಲಿ ಮರುಮುದ್ರಣವೂ ಆಗಿದೆ.

ಆ ದಿನಗಳಲ್ಲಿ ಬೆಂಗಳೂರಿನ ಕಾಲೇಜುಗಳಲ್ಲಿ ಗಿಟಾರ್ ನುಡಿಸಿದವರು ಈಗ ಎಪ್ಪತ್ತು ದಾಟಿದ್ದಾರೆ. ನಿಮ್ಮ ಬಂಧುಬಳಗದಲ್ಲಿ ಅಂಥವರಿದ್ದರೆ ಕೂರಿಸಿಕೊಂಡು ಕೇಳಿ: ತಂಡದ ಹೆಸರೇನು, ಯಾರು ಯಾವ ವಾದ್ಯ ನುಡಿಸಿದರು, ಎಲ್ಲಿ, ಯಾವ ವರ್ಷ. ಬರೆದಿಡಿ. ಟೇಪು, ಫೋಟೊ, ಕರಪತ್ರ ಇದ್ದರೆ ರದ್ದಿಗೆ ಹಾಕಬೇಡಿ. ಸುಳ್ಳು ಹೆಸರಿನಲ್ಲಿ ಬಂದ ‘ಆರ್ಜಕೆಲ್’ನ ನಿಜವಾದ ಕಥೆ ಇಂದು ನಮಗೆ ಗೊತ್ತಿರುವುದು ನುಡಿಸಿದವರೇ ಮುಂದೆ ಬಂದು ಹೇಳಿದ್ದರಿಂದ. ನಮ್ಮವರನ್ನೂ ಕೇಳಿಕೊಳ್ಳೋಣ, ಅವರು ನಮ್ಮ ನಡುವೆ ಇರುವಾಗಲೇ.