ವಿಂಡ್ ಟನಲ್ ಕ್ಯಾಮೆರಾದಿಂದ ನಂಬುವಂಥ ಅಳತೆ: 7 ಸೂತ್ರಗಳು

ಠಾಣೆ, ಡೊಂಬಿವಲಿ, ಕಲ್ಯಾಣ, ನವಿ ಮುಂಬೈಯ ಕನ್ನಡದ ಎಂಜಿನಿಯರಿಂಗ್ ವಿದ್ಯಾರ್ಥಿಗಳೇ, ಗುರಿ ದೊಡ್ಡದಿರಲಿ. ಏರೋಸ್ಪೇಸ್ ವಿಭಾಗವಿರುವ ಐಐಟಿ ಪವಾಯಿಯಲ್ಲೇ ಇದೆ. ಬೆಂಗಳೂರಿನ ಎನ್‌ಎಎಲ್‌ನಲ್ಲಿ (ನ್ಯಾಷನಲ್ ಏರೋಸ್ಪೇಸ್ ಲ್ಯಾಬೊರೇಟರೀಸ್) 1.2 ಮೀಟರ್ ಟ್ರೈಸಾನಿಕ್ ವಿಂಡ್ ಟನಲ್ 1967ರಿಂದ ಓಡುತ್ತಿದೆ. ತೇಜಸ್ ವಿಮಾನದ, ಇಸ್ರೋ ರಾಕೆಟ್‌ಗಳ ಮಾದರಿಗಳು ಅಲ್ಲಿ ಪರೀಕ್ಷೆಗೊಂಡಿವೆ. ಅಂಥ ಲ್ಯಾಬಿಗೆ ಬೇಕಾಗಿರುವುದು ಚಂದದ ಚಿತ್ರ ತೆಗೆಯುವವರಲ್ಲ, ನಂಬುವಂಥ ಅಂಕಿ ಕೊಡುವವರು.

1. ವಿಧಾನ ಸರಿಯಾಗಿ ಆರಿಸಿ.
ಗಾಳಿಯ ವೇಗಕ್ಕೆ ಪಿಐವಿ (ಪಾರ್ಟಿಕಲ್ ಇಮೇಜ್ ವೆಲಾಸಿಮೆಟ್ರಿ): ಗಾಳಿಗೆ ಬಿಟ್ಟ ಕಣಗಳನ್ನು ಹಾಳೆಯಂತೆ ಹರಡಿದ ಲೇಸರ್ ಬೆಳಕಿನ ಎರಡು ಫ್ಲ್ಯಾಶ್‌ಗಳಲ್ಲಿ ಚಿತ್ರ ತೆಗೆದು, ಅವು ಸರಿದ ದೂರ ಅಳೆಯುವುದು. ಮಾದರಿಯ ಮೇಲಿನ ಒತ್ತಡಕ್ಕೆ ಪ್ರೆಶರ್ ಸೆನ್ಸಿಟಿವ್ ಪೇಂಟ್. ರೆಕ್ಕೆ ಎಷ್ಟು ಬಾಗಿತು ಎನ್ನುವುದಕ್ಕೆ ಎರಡು ಕ್ಯಾಮೆರಾ. ಪ್ರಶ್ನೆ ಸ್ಪಷ್ಟವಿಲ್ಲದಿದ್ದರೆ ಉತ್ತರವೂ ಮಸುಕು.

2. ಕ್ಯಾಲಿಬ್ರೇಷನ್‌ಗೆ ಸಮಯ ಕೊಡಿ.
ಟಾರ್ಗೆಟ್ ಹಲಗೆಯನ್ನು ಲೇಸರ್ ಹಾಳೆಯ ಜಾಗದಲ್ಲೇ ನಿಲ್ಲಿಸಿ. ಅಳತೆಗೋಲಿನಲ್ಲಿ ಶೇ 1 ತಪ್ಪಿದರೆ ಪ್ರತಿಯೊಂದು ವೇಗವೂ ಶೇ 1 ತಪ್ಪುತ್ತದೆ.

3. ಕಣಗಳನ್ನು ಗಮನಿಸಿ.
ಸುಮಾರು 1 ಮೈಕ್ರಾನ್‌ನ ಎಣ್ಣೆ ಹನಿ ಬಳಸಿ. ದಪ್ಪ ಹನಿ ಗಾಳಿಯಿಂದ ಹಿಂದೆ ಬೀಳುತ್ತದೆ. ಚಿತ್ರದಲ್ಲಿ ಕಣ 2–3 ಪಿಕ್ಸೆಲ್ ಇರಲಿ. ಅದಕ್ಕಿಂತ ಚಿಕ್ಕದಾದರೆ ಲೆಕ್ಕ ಪೂರ್ಣಾಂಕದ ಕಡೆಗೆ ವಾಲುತ್ತದೆ.

4. ಎರಡು ಫ್ಲ್ಯಾಶ್‌ಗಳ ನಡುವಿನ ಅಂತರ ಲೆಕ್ಕ ಹಾಕಿ.
32 ಪಿಕ್ಸೆಲ್ ಕಿಟಕಿಯಲ್ಲಿ (ಒಮ್ಮೆಗೆ ಲೆಕ್ಕಕ್ಕೆ ತೆಗೆದುಕೊಳ್ಳುವ ಚಿತ್ರದ ತುಂಡು) ಕಣ ಸುಮಾರು 8 ಪಿಕ್ಸೆಲ್ ಸರಿಯಲಿ. ತಪ್ಪು 0.1 ಪಿಕ್ಸೆಲ್ ಎಂದರೆ ಶೇ 1.25. ಬರೀ 2 ಪಿಕ್ಸೆಲ್ ಸರಿದರೆ ಅದೇ ತಪ್ಪು ಶೇ 5 ಆಗುತ್ತದೆ.

5. ಅಲುಗಾಟ ತಡೆಯಿರಿ.
ಕ್ಯಾಮೆರಾವನ್ನು ಟನಲ್ ಗೋಡೆಗೆ ಬಿಗಿಯಬೇಡಿ, ಪ್ರತ್ಯೇಕ ಸ್ಟ್ಯಾಂಡ್ ಹಾಕಿ. ಅಲುಗದ ಒಂದು ಗುರುತು ಫ್ರೇಮಿನಲ್ಲಿರಲಿ. ಕ್ಯಾಮೆರಾ ಕದಲಿದರೆ ಅದೇ ಹೇಳುತ್ತದೆ.

6. ಚಿತ್ರಗಳನ್ನು ಹೆಚ್ಚಿಸಿ, ಆದರೆ ಮಿತಿ ತಿಳಿದಿರಿ.
ಒಂದಕ್ಕೊಂದು ಸಂಬಂಧವಿಲ್ಲದ 100 ಚಿತ್ರಗಳ ಸರಾಸರಿ ತೆಗೆದರೆ ಯಾದೃಚ್ಛಿಕ ತಪ್ಪು ಹತ್ತನೇ ಒಂದು ಭಾಗಕ್ಕೆ ಇಳಿಯುತ್ತದೆ. ಕ್ಯಾಲಿಬ್ರೇಷನ್ ತಪ್ಪು ಮಾತ್ರ ಕೂದಲಷ್ಟೂ ಇಳಿಯದು.

7. ಬೇರೆ ಉಪಕರಣದಿಂದ ತಾಳೆ ನೋಡಿ.
ಪಿಐವಿ ವೇಗವನ್ನು ಪಿಟೋ ಟ್ಯೂಬಿನೊಂದಿಗೆ, ಪೇಂಟಿನ ಒತ್ತಡವನ್ನು ಪ್ರೆಶರ್ ಟ್ಯಾಪಿನೊಂದಿಗೆ ಹೋಲಿಸಿ. ಪೇಂಟ್ ತಾಪಮಾನಕ್ಕೂ ಸ್ಪಂದಿಸುತ್ತದೆ, ಅದನ್ನೂ ಅಳೆಯಿರಿ.

‘ನನ್ನಿಂದ ಆದೀತೇ’ ಎಂಬ ಅನುಮಾನ ಬರೀ ಅಭ್ಯಾಸ, ಇಂದೇ ಬಿಡಿ. ಅನುಮಾನ ಪಡುವುದಿದ್ದರೆ ನಿಮ್ಮ ಅಂಕಿಯ ಮೇಲೆ ಪಡಿ, ಪರೀಕ್ಷಿಸಿ, ಪಕ್ಕದಲ್ಲಿ ± ಬರೆಯಿರಿ. ತಪ್ಪಿನ ಮಿತಿ ಹೇಳಬಲ್ಲ ಎಂಜಿನಿಯರ್‌ನ ಮಾತಿಗೆ ಯಾವ ಲ್ಯಾಬಿನಲ್ಲೂ ಬೆಲೆಯಿದೆ.